ಸಮವಸ್ತ್ರವಿಲ್ಲದೆ ಬಂದವರು

ಸಿಂಚನ ಭಾನುವಾರಗಳಲ್ಲಿ ಲೆಕ್ಕ ಹೇಳಿಸಿಕೊಳ್ಳಲು ನನ್ನ ಮನೆಗೆ ಬರುತ್ತಾಳೆ. ಹದಿನೇಳು ವರ್ಷ, ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಎರಡನೇ ಪಿಯುಸಿ. ಆ ಭಾನುವಾರ ಒಂದೇ ಲೆಕ್ಕದ ಮುಂದೆ ಮುಕ್ಕಾಲು ಗಂಟೆ ಕೂತಳು. ನಾನೇನೂ ಕೇಳದೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತೆ. ಕೊನೆಗೆ ಅವಳೇ ಹೇಳಿದಳು.

ಚಿಕ್ಕಮ್ಮನ ಗೃಹಪ್ರವೇಶದಲ್ಲಿ ತೆಗೆಸಿಕೊಂಡಿದ್ದ ಫೋಟೋದಿಂದ ಯಾರೋ ಅವಳ ಮುಖ ಕತ್ತರಿಸಿ ಒಂದು ಕೆಟ್ಟ ಚಿತ್ರಕ್ಕೆ ಅಂಟಿಸಿದ್ದರು. ವಿಡಿಯೋ ಕಾಲ್‌ಗೆ ಬಾ, ಬರದಿದ್ದರೆ ಇದನ್ನು ಕಾಲೇಜಿನ ಗ್ರೂಪಿಗೆ ಹಾಕುತ್ತೇನೆ ಎಂಬ ಸಂದೇಶ ಬಂದು ನಾಲ್ಕು ದಿನವಾಗಿತ್ತು.

"ನಂಗೆ ತೋರಿಸ್ಬೇಡ, ಯಾರಿಗೂ ಕಳಿಸ್ಬೇಡ, ಅಳಿಸಲೂಬೇಡ," ಎಂದೆ. ಇಬ್ಬರೂ ಅವಳ ಮನೆಗೆ ನಡೆದೆವು.

ತಾಯಿ ಜ್ಯೋತಿಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದಳು. ತಂದೆ ಬೈರೇಶ್ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುವವನು, ಮಾತು ಕಡಿಮೆ. ಮಗಳ ಕೈಯಿಂದ ಫೋನ್ ತೆಗೆದು ಬೀರುವಿಗೆ ಹಾಕಿ ಬೀಗ ಹಾಕಿದ.

"ನಾಳೆಯಿಂದ ಕಾಲೇಜು ಬೇಡ," ಎಂದ.

"ಅವ್ಳೇನು ಮಾಡಿದ್ಲು ಬೈರೇಶ?"

"ಏನೂ ಮಾಡಿಲ್ಲ ಟೀಚರಮ್ಮ. ಊರು ಕೇಳ್ಬೇಕಲ್ಲ."

ಪೊಲೀಸ್ ಅಂದರೆ ಜೀಪು, ಜೀಪು ಅಂದರೆ ಓಣಿಯ ತುಂಬ ಜನ ಎಂಬುದು ಅವನ ಹೆದರಿಕೆ. ಹದಿನೆಂಟು ತುಂಬದ ಮಕ್ಕಳಿಗೆಂದೇ ಕಾನೂನಿದೆ ಎಂದು ಹೇಳಿದೆ. ಮಗು ಠಾಣೆಗೆ ಹೋಗಬೇಕಿಲ್ಲ. ಅವಳು ಹೇಳಿದ ಜಾಗಕ್ಕೆ ಮಹಿಳಾ ಅಧಿಕಾರಿ ಸಮವಸ್ತ್ರವಿಲ್ಲದೆ ಬರಬೇಕು. ಅವಳ ಹೆಸರು ಹೊರಗೆ ಬರಬಾರದು. ಅವನು ನಂಬಲಿಲ್ಲ. ಆದರೂ ಬೇಡ ಎನ್ನಲಿಲ್ಲ. ಸಿಂಚನ ಹೂಂ ಎಂದ ಮೇಲೆ ನಾನು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಗುರುವಾರ ಬೆಳಗ್ಗೆ ಬರುತ್ತೇವೆಂದು ಠಾಣೆಯಿಂದ ತಿಳಿಸಿದರು.

ಈ ವಿಷಯ ಗೊತ್ತಿಲ್ಲದಿದ್ದವರು ಮನೆಯಲ್ಲಿ ಒಬ್ಬರೇ, ಬೈರೇಶನ ತಾಯಿ ಲಕ್ಕಮ್ಮ. ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ ಎಂದು ಮಗ ಸೊಸೆ ಬಚ್ಚಿಟ್ಟಿದ್ದರು. "ಪರಿಚಯದೋರು ಬರ್ತಾರೆ, ಮನೆ ಒಪ್ಪ ಮಾಡ್ಬೇಕು," ಎಂದಷ್ಟೇ ಹೇಳಿದ್ದರು.

ಗುರುವಾರ ನಾನು ಮೊದಲೇ ಹೋಗಿ ಕೂತಿದ್ದೆ. ಸಬ್ ಇನ್‌ಸ್ಪೆಕ್ಟರ್ ಚಂದನ ಹತ್ತಿ ಸೀರೆಯಲ್ಲಿ, ಕಾನ್‌ಸ್ಟೆಬಲ್ ಅಶ್ವತ್ಥಮ್ಮ ಚೂಡಿದಾರದಲ್ಲಿ ಒಂದು ಸ್ಕೂಟರಿನಲ್ಲಿ ಬಂದರು. ಬರಿಗೈಯಲ್ಲಿ ಬಂದರೆ ನೋಡುವವರಿಗೆ ಅನುಮಾನ ಬರುತ್ತದೆಂದು ಅಶ್ವತ್ಥಮ್ಮ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು. ಆ ಮುಂದಾಲೋಚನೆ ನನಗೆ ಬಹಳ ಹಿಡಿಸಿತು.

ಲಕ್ಕಮ್ಮ ಬಾಳೆಹಣ್ಣು ನೋಡಿದರು, ಸೀರೆ ನೋಡಿದರು, ಬಾಡಿಗೆಗೆ ಹೋಗದೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತ ಮಗನನ್ನು ನೋಡಿದರು. ಮೊಮ್ಮಗಳ ಕಾಲೇಜು ಬಿಡಿಸಿ ನಾಲ್ಕು ದಿನವಾಗಿತ್ತು. ಅವರಿಗೆ ಎಲ್ಲವೂ ಅರ್ಥವಾಗಿಹೋಯಿತು. ಹೊಸ್ತಿಲ ಒಳಗೆ ಕಾಲು ಚಾಚಿ ಕೂತುಬಿಟ್ಟರು.

"ಕೂತ್ಕಳಿ ತಾಯಿ, ನೀರು ಕುಡೀರಿ. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ. ನಮ್ ಹುಡುಗೀಗೆ ಅಡಿಗೆ ಬರಕ್ಕಿಲ್ಲ. ಏಳು ಗಂಟೆ ಆದ್ರೂ ಏಳಕ್ಕಿಲ್ಲ. ಬಾಯಿ ಬೇರೆ ಜೋರು."

ಚಂದನ ನನ್ನತ್ತ ನೋಡಿದರು. ಅವರಿಗೆ ಕ್ಷಣದಲ್ಲೇ ತಿಳಿಯಿತು. ನಗಲಿಲ್ಲ. ಕುರ್ಚಿ ಬಿಟ್ಟು ಅಜ್ಜಿಯ ಪಕ್ಕ ನೆಲದಲ್ಲೇ ಕೂತರು.

"ಬಾಯಿ ಜೋರಿದ್ರೆ ಒಳ್ಳೇದೇ ಅಲ್ವಾ ಅಜ್ಜಿ?"

"ನಿಮಗೆ ಒಳ್ಳೇದಿರಬೋದು, ನಿಮ್ಮತ್ತೇನ ಕೇಳಿ. ನಂಗೆ ಹದಿನಾಲ್ಕಕ್ಕೆ ಮದ್ವೆ ಮಾಡಿದ್ರು. ಬಸ್ಸಿನ ಬೋರ್ಡು ಓದಕ್ಕೆ ಇವತ್ತಿಗೂ ಪಕ್ಕದೋರ್ನ ಕೇಳ್ತೀನಿ. ಇವ್ಳು ಓದ್ಲಿ. ಲೇ ಬೈರೇಶ, ಕಾಲೇಜು ಬಿಡಿಸಿದ್ದು ಇದಕ್ಕೇನಾ? ಯಾರ್ನ ಕೇಳಿ ಬಿಡಿಸ್ದೆ?"

ಒಳಬಾಗಿಲಿಗೆ ಆತುಕೊಂಡಿದ್ದ ಸಿಂಚನ ಬಂದು ಅಜ್ಜಿಯ ಮುಂದೆ ಕೂತಳು.

"ಅಜ್ಜಿ, ಇವ್ರು ಹೆಣ್ಣು ನೋಡಕ್ಕೆ ಬಂದಿಲ್ಲ. ಪೊಲೀಸು. ನಾನೇ ಕರೆಸಿದ್ದು."

ಆಮೇಲೆ ಎಲ್ಲವನ್ನೂ ಹೇಳಿದಳು. ಲಕ್ಕಮ್ಮನ ಎದೆ ಒಡೆಯಲಿಲ್ಲ. "ಆ ಮೈ ನಿಂದಲ್ಲ ತಾನೆ?" ಎಂದು ಕೇಳಿದರು.

"ಅಲ್ಲ."

"ಇವಳದೇ ಆಗಿದ್ರೂ ತಪ್ಪು ಇವಳದಲ್ಲ ಅಜ್ಜಿ," ಎಂದರು ಚಂದನ, ದನಿ ಏರಿಸದೆ. "ಬೆದರಿಸಿದವನದು. ಕಾನೂನೂ ಹಾಗೇ ಹೇಳುತ್ತೆ."

ಲಕ್ಕಮ್ಮ ಚಾಚಿದ್ದ ಕಾಲು ಮಡಚಿಕೊಂಡರು. "ಹಂಗಾದ್ರೆ ಇವ್ಳನ್ಯಾಕೆ ಮನೇಲಿ ಕೂರಿಸಿದೀರ?" ಎಂದು ಕೇಳಿದರು. ಕೇಳಿದ್ದು ಪೊಲೀಸರನ್ನಲ್ಲ, ಮಗನನ್ನು.

ಯಾರ ಎದುರಿಗೆ ಹೇಳಿಕೆ ಕೊಡುತ್ತೀಯ ಎಂದು ಚಂದನ ಕೇಳಿದರು. ಅಜ್ಜಿ ಮತ್ತು ಟೀಚರಮ್ಮ ಇರಲಿ ಎಂದಳು ಸಿಂಚನ. ನಡುಮನೆಯ ಬಾಗಿಲು ಹಾಕಿಕೊಂಡೆವು. ಹೇಳುತ್ತಾ ಸಿಂಚನ ಎರಡು ಸಲ ನಡುವೆ ನಿಲ್ಲಿಸಿದಳು. ಅಶ್ವತ್ಥಮ್ಮ ಪೆನ್ನು ಕೆಳಗಿಟ್ಟು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದರು.

ಬರೆದದ್ದನ್ನು ಓದಿ ಹೇಳಿದಾಗ ಸಿಂಚನ ತಡೆದಳು. "‘ನನ್ನ ಫೋಟೋ’ ಅಂತ ಬೇಡ ಮೇಡಂ. ‘ನನ್ನ ಮುಖ ಕದ್ದು ಮಾಡಿದ ಫೋಟೋ’ ಅಂತ ಬರೀರಿ." ಅಶ್ವತ್ಥಮ್ಮ ಹಾಗೇ ತಿದ್ದಿದರು.

ಹೊರಗೆ ಬಂದಾಗ ಬೈರೇಶ್ ಬೀರುವಿನ ಮುಂದೆ ನಿಂತಿದ್ದ. ಫೋನ್ ತೆಗೆದು ಚಂದನ ಅವರ ಕೈಗೆ ಕೊಟ್ಟ. "ಸಿಟ್ಟಲ್ಲಿ ಅಳಿಸಿಬಿಡೋಣ ಅಂತಿದ್ದೆ ಮೇಡಂ. ಟೀಚರಮ್ಮ ಬೇಡ ಅಂದಿದ್ರು."

"ಒಳ್ಳೇದಾಯ್ತು. ಸಂದೇಶ ಕಳಿಸಿದ ಖಾತೆ ಯಾರದು ಅಂತ ಪತ್ತೆ ಹಚ್ಚೋಕೆ ಇದೇ ಬೇಕು. ದಿನ ಹಿಡಿಯುತ್ತೆ. ಅಷ್ಟರಲ್ಲಿ ಅವನು ಅದನ್ನ ಹಾಕಿಬಿಡಲ್ಲ ಅಂತ ನಾನು ಮಾತು ಕೊಡೋಕಾಗಲ್ಲ. ಹಾಕಿದ್ರೆ ತೆಗೆಸ್ತೀವಿ." ಚಂದನ ಅವನ ಮುಖ ನೋಡಿದರು. "ಕಾಲೇಜಿಗೆ ಕಳಿಸ್ತೀರಲ್ವಾ?"

ಬೈರೇಶ್ ಮಗಳ ಕಡೆ ತಿರುಗಿದ. "ಹಾಕ್ಬಿಟ್ರೆ? ಎಲ್ಲಾ ನೋಡ್ತಾರಲ್ಲಮ್ಮ."

"ನೋಡ್ಲಿ ಅಪ್ಪ. ನಾನು ಹೋಗ್ತೀನಿ."

ಅವನು ಬೀರುವಿನ ಬಾಗಿಲು ಮುಚ್ಚಿದ.

"ನಾಳೆ ನಾನೇ ಬಿಡ್ತೀನಿ," ಎಂದ. "ಗೇಟ್ ತನಕ."