ಇಫ್ತಾರ್ ಪಾಳಿ

"ನನ್ನ ಕುರ್ಚೀಲಿ ನೀನು ಕೂತಿರೋವಾಗ ಏನೇ ಕೆಟ್ಟರೂ ಅದು ನನ್ನ ತಲೆ ಮೇಲೆ" ಎಂದು ಬಹ್ಗತ್ ಲಬೀಬನಿಗೆ ಮಾತು ಕೊಟ್ಟಿದ್ದು ಇಬ್ಬರಿಗೂ ಮದುವೆಯಾಗುವುದಕ್ಕೆ ಮುಂಚೆ. ಷೇರು ದಲ್ಲಾಳಿಗಳ ಮೇಲೆ ಕಣ್ಣಿಡುವ ಕೈರೋದ ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಕೋಣೆ ಅವರಿಬ್ಬರದು. ರಂಜಾನಿನಲ್ಲಿ ಹೊತ್ತು ಮುಳುಗುವಾಗ ಬಹ್ಗತ್ ಉಪವಾಸ ಬಿಡುವ ಇಫ್ತಾರಿಗೆ ಮನೆಗೆ ಓಡಿದರೆ, ಕ್ರೈಸ್ತನಾದ ಲಬೀಬ್ ಅವನ ಪಾಳಿಗೆ ಕೂರುತ್ತಿದ್ದ. ಜನವರಿ ಆರರ ಸಂಜೆ ಲಬೀಬ್ ತನ್ನ ಪಂಥದ ಕ್ರಿಸ್‌ಮಸ್ ಪೂಜೆಗೆ ಚರ್ಚಿಗೆ ಹೋದರೆ ಬಹ್ಗತ್ ಕೂರುತ್ತಿದ್ದ. ಯಾರೂ ಬರೆದಿಟ್ಟ ನಿಯಮವಲ್ಲ. ಈ ಊರಿನ ಕಚೇರಿಗಳು ನಡೆಯುವುದೇ ಹಾಗೆ.

ಆ ಸಲ ರಂಜಾನ್ ಬಂದದ್ದು ಡಿಸೆಂಬರಿನಲ್ಲಿ. ಯಂತ್ರ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದುಕೊಳ್ಳುತ್ತಿತ್ತು. ತೊಂಬತ್ತೊಂಬತ್ತು ಕಳೆದು ಎರಡು ಸೊನ್ನೆ ಬಂದಾಗ ಅದು ನೂರು ವರ್ಷ ಹಿಂದಕ್ಕೆ ಹೋಗಿ ಕೂರದಂತೆ ಇಬ್ಬರೂ ಬೇಸಿಗೆಯಿಂದ ಸಾಲುಸಾಲಾಗಿ ತಿದ್ದಿದ್ದರು. ಪರೀಕ್ಷೆಗೆ ಬೇರೆ ಯಂತ್ರ ಬೇಕೆಂದಾಗ ನಿರ್ದೇಶಕಿ ನಜ್ಲಿ ಮೇಡಂ, "ಇರೋದ್ರಲ್ಲೇ ಮಾಡ್ಕೊಳ್ರಪ್ಪಾ" ಅಂದಿದ್ದರು.

ಹಾಗಾಗಿ ಒಂದು ಮಧ್ಯಾಹ್ನ, ಕಚೇರಿ ಖಾಲಿಯಾದ ಮೇಲೆ, ಬಹ್ಗತ್ ಯಂತ್ರದ ಗಡಿಯಾರವನ್ನು ಜನವರಿ ಒಂದಕ್ಕೆ ತಿರುಗಿಸಿದ. ಸಂಜೆಯೊಳಗೆ ಅದನ್ನು ಹಿಂದಕ್ಕೆ ತರಲೇಬೇಕಿತ್ತು. ಏಕೆಂದರೆ ಅವಧಿ ಮುಗಿದ ಪರವಾನಗಿಗಳನ್ನು ಯಂತ್ರ ದಿನಾ ಸಂಜೆ ತಾನಾಗಿಯೇ ರದ್ದು ಮಾಡಿ ಷೇರುಪೇಟೆಗೆ ಫ್ಯಾಕ್ಸ್ ಕಳಿಸುತ್ತಿತ್ತು. ದಲ್ಲಾಳಿಗಳೆಲ್ಲರ ಪರವಾನಗಿ ಮುಗಿಯುವುದು ಡಿಸೆಂಬರ್ ಕೊನೆಗೆ.

ಲಬೀಬ್ ಬರುವ ಹೊತ್ತಿಗೆ ಬಹ್ಗತ್ ಕೋಟು ಹಾಕಿಕೊಂಡು ಬಾಗಿಲಲ್ಲಿದ್ದ.

"ಏನಾಯ್ತೋ?"

"ಪಾಸು. ಮೂರನೇ ಮಗಳದು ಇವತ್ತು ಮೊದಲ್ನೇ ಉಪವಾಸ ಕಣೋ. ಅಪ್ಪ ಬರೋ ತನಕ ಖರ್ಜೂರ ಬಾಯಿಗಿಡಲ್ಲ ಅಂತ ಕೂತಿದ್ದಾಳೆ."

"ಗಡಿಯಾರ?"

"ಎಲ್ಲ ಹಿಂದಕ್ಕೆ ತಂದಾಯ್ತು. ನೀನು ಸುಮ್ನೆ ಕೂತು ನಿನ್ನ ಬೆಣ್ಣೆ ಇಲ್ದಿರೋ ಬೇಳೆ ತಿನ್ನು."

"ನಿಮ್ಮದು ಹೊತ್ತು ಮುಳುಗಿದ್ರೆ ಮುಗೀತು. ನಮ್ಮ ಉಪವಾಸದಲ್ಲಿ ಜನವರಿ ಹಬ್ಬದ ತನಕ ಬೆಣ್ಣೆ ಮುಖ ನೋಡೋ ಹಾಗಿಲ್ಲ. ಓಡು, ಬಸ್ಸು ತಪ್ಪುತ್ತೆ."

ಬಹ್ಗತ್ ಅವಸರದಲ್ಲಿ ಪರೀಕ್ಷೆಯ ಪರದೆಯನ್ನಷ್ಟೇ ಮುಚ್ಚಿದ್ದ. ಗಡಿಯಾರ ಮಾತ್ರ ಜನವರಿಯಲ್ಲೇ ಉಳಿದಿತ್ತು.

ಅಜಾನ್ ಕೇಳಿಸಿತು. ಬೀದಿ ನಿರ್ಜನವಾಯಿತು. ಫ್ಯಾಕ್ಸ್ ಯಂತ್ರ ಕಿರುಗುಟ್ಟಿತು, ನಿಲ್ಲಲಿಲ್ಲ. ಲಬೀಬ್ ಎದ್ದು ಹಾಳೆ ನೋಡಿ ತಂತಿಯನ್ನು ಕಿತ್ತೆಸೆದ. ಅಷ್ಟರಲ್ಲಿ ಅರ್ಧದಷ್ಟು ದಲ್ಲಾಳಿಗಳ ರದ್ದತಿ ಹೋಗಿತ್ತು. ಬಹ್ಗತನ ಮನೆಗೆ, ಮೇಡಂ ಮನೆಗೆ, ಷೇರುಪೇಟೆಗೆ ಫೋನು ಮಾಡಿದ. ಊರಿಗೆ ಊರೇ ಊಟಕ್ಕೆ ಕೂತಿತ್ತು. ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ, ಅದು ತಪ್ಪೆಂಬ ಮಾತು ತಲುಪುವ ಮುಂಚೆಯೇ, ದಲ್ಲಾಳಿಗಳನ್ನು ಷೇರುಪೇಟೆಯ ಬಾಗಿಲಲ್ಲೇ ತಡೆದರು. ಸುದ್ದಿ ಹಬ್ಬಿ ಗಿರಾಕಿಗಳು ಮುತ್ತಿಕೊಂಡರು. ತೌಹೀದ್ ಎಂಬ ಮುದಿ ದಲ್ಲಾಳಿ ಆ ನೂಕಾಟದಲ್ಲಿ ಮೆಟ್ಟಿಲ ಮೇಲೆ ಕುಸಿದವನು ಆಸ್ಪತ್ರೆ ಮುಟ್ಟಲಿಲ್ಲ.

ವಿಚಾರಣೆ ಮೇಡಂ ಕೋಣೆಯಲ್ಲಿ ನಡೆಯಿತು. ಅದಕ್ಕೆ ಮುಂಚೆ ಮೊಗಸಾಲೆಯಲ್ಲಿ ಲಬೀಬ್ ಒಂದೇ ಮಾತು ಕೇಳಿದ್ದ: "ಗಡಿಯಾರದ ವಿಷಯ ಹೇಳ್ತೀಯಲ್ಲ?" ಅವನ ಮಗನ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆರಡು ಸಲ ರಕ್ತ ಶುದ್ಧಿ ಮಾಡಿಸುತ್ತಿದ್ದುದು ಕಚೇರಿ ಕೊಟ್ಟ ಆಸ್ಪತ್ರೆ ಕಾರ್ಡಿನ ಮೇಲೆ. ಬಹ್ಗತ್ ಅವನ ತೋಳು ಅದುಮಿ, "ಹುಚ್ಚಾ, ಇದನ್ನೂ ಕೇಳ್ಬೇಕೇನೋ" ಅಂದಿದ್ದ.

"ಆಗ ಕೋಣೇಲಿ ಯಾರಿದ್ರು?" ಮೇಡಂ ಕೇಳಿದರು.

"ನಾನು" ಎಂದ ಲಬೀಬ್.

"ಬಹ್ಗತ್, ಹೋಗೋ ಮುಂಚೆ ನೀವು ಗಡಿಯಾರ ಹಿಂದಕ್ಕೆ ತಂದಿದ್ರಾ? ಸತ್ತವರ ಮಕ್ಕಳು ಪೊಲೀಸ್ ಠಾಣೇಲಿ ಕೂತಿದ್ದಾರೆ. ಯೋಚನೆ ಮಾಡಿ ಹೇಳಿ."

ಬಹ್ಗತ್ ಯೋಚನೆ ಮಾಡಿದ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಲಬೀಬ್ ಅವನನ್ನು ನೋಡುತ್ತಿರಲಿಲ್ಲ. ಅವನೇನು ಹೇಳುತ್ತಾನೆಂದು ಗೊತ್ತಿದ್ದವನಂತೆ ನಿಶ್ಚಿಂತೆಯಿಂದ ಕಿಟಕಿಯಾಚೆ ನೋಡುತ್ತಿದ್ದ.

"ತಂದಿದ್ದೆ, ಮೇಡಂ."

ಲಬೀಬ್ ತಿರುಗಿದ. ತಪ್ಪು ಕೋಣೆಯಲ್ಲಿದ್ದವನದೇ ಎಂದಾಯಿತು. ಅಂದೇ ಸಂಜೆ ಅವನ ಗುರುತಿನ ಚೀಟಿಯ ಜೊತೆಗೆ ಆಸ್ಪತ್ರೆಯ ಕಾರ್ಡನ್ನೂ ತೆಗೆದುಕೊಂಡರು.

ಹೊಸ ವರ್ಷ ಬಂತು. ಯಂತ್ರ ಒಂದು ಕಡೆಯೂ ತಪ್ಪದೆ ಎರಡು ಸಾವಿರ ಎಂದು ಬರೆದುಕೊಂಡಿತು. ಮೇಡಂಗೆ ಮಂತ್ರಿಗಳಿಂದ ಮೆಚ್ಚುಗೆ ಬಂತು.

ಜನವರಿ ಆರರ ಸಂಜೆ ಬಹ್ಗತ್, ಯಾರೂ ಹೇಳದಿದ್ದರೂ, ಬಂದು ಲಬೀಬನ ಕುರ್ಚಿಯಲ್ಲಿ ಕೂತ.

"ಇವತ್ತು ಯಾರ ಪಾಳಿ ಸಾರ್?" ಕಾವಲಿನವನು ಬಾಗಿಲಲ್ಲಿ ನಿಂತು ಕೇಳಿದ.

"ಲಬೀಬಂದು."

"ಅವರು ಇಲ್ಲವಲ್ಲ ಸಾರ್."

ಇರಲಿಲ್ಲ. ಬಹ್ಗತ್ ಕೊಟ್ಟ ಮಾತಿಗೆ ತಪ್ಪಿದ್ದ.