ಎರಡು ಪೆಡಲಿನ ಗಾಡಿ

"ನಿಲ್ಸು! ಏ ಪುಟ್ಟಿ, ಒಂದ್ನಿಮಿಷ ನಿಲ್ಸೇ!"

ಗ್ರೈಂಡರಿನ ಅರಚಾಟದ ನಡುವೆಯೂ ಅಣ್ಣನ ದನಿ ಕೇಳಿಸಿತು. ಅವಳು ಗುಂಡಿಯಿಂದ ಬೆರಳು ತೆಗೆದಳು. ಕಿಡಿ ಉದುರುವುದು ನಿಂತಿತು. ಚಕ್ರ ಮಾತ್ರ ಗುಂಯ್ ಎನ್ನುತ್ತ ಇನ್ನೂ ತಿರುಗುತ್ತಿತ್ತು. ಕನ್ನಡಕವನ್ನು ಹಣೆಗೇರಿಸಿ ನೋಡಿದಳು. ವರ್ಕ್‌ಶಾಪಿನ ಬಾಗಿಲಲ್ಲಿ ಅಣ್ಣ ನಿಂತಿದ್ದ, ಮಡಿಸಲು ಬಾರದ ಎಡಗಾಲನ್ನು ಎಂದಿನಂತೆ ಒಂದಿಷ್ಟು ಹೊರಗೆ ಚಾಚಿಕೊಂಡು. ತನ್ನ ಟೈರಿನ ಅಂಗಡಿಯಿಂದ ಸೀದಾ ಬಂದಿರಬೇಕು, ಅಂಗೈ ಎರಡೂ ಕಪ್ಪಗಿದ್ದವು.

"ಅಪ್ಪನ ಗಾಡೀನ ಕೊಯ್ತಾ ಇದೀಯಾ?"

"ಗಾಡೀನಲ್ಲ, ಅದರ ತಳಾನ. ಹೊಸ ಗೇರ್‌ಬಾಕ್ಸ್ ದಪ್ಪ ಇದೆ. ಹಳೇ ಸಂದೀಲಿ ತುರುಕಿದ್ರೆ ಕೂರುತ್ತಾ?"

"ಹೇಗಿತ್ತೋ ಹಾಗೇ ಮಾಡು ಅಂದಿದ್ದೆ ತಾನೆ?"

"ಅಂದಿದ್ದೆ. ನಾನು ಹ್ಞೂಂ ಅಂದಿದ್ನಾ?"

ಅದು ನಿಜವೇ. ಅವಳು ಹ್ಞೂಂ ಎಂದೂ ಅಂದಿರಲಿಲ್ಲ, ಊಹ್ಞೂಂ ಎಂದೂ ಅಂದಿರಲಿಲ್ಲ. ಅದು ಅವಳ ಹಳೆಯ ಚಾಳಿ. ರಸ್ತೆಯವರೆಲ್ಲ ಅವಳನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು, ಅವಳಿಗೆ ಐವತ್ತರ ಹತ್ತಿರ ಬಂದರೂ ಅಣ್ಣನಿಗೊಬ್ಬನಿಗೆ ಪುಟ್ಟಿಯೇ. ಅಪ್ಪ ತೀರಿಕೊಂಡ ಮೇಲೆ ಈ ವರ್ಕ್‌ಶಾಪನ್ನು ಅವಳು ಕೈಗೆತ್ತಿಕೊಂಡಾಗ, ಹೆಂಗಸಿನ ಕೈಗೆ ಗಾಡಿ ಕೊಡುವುದು ಹೇಗೆ ಎಂದು ಮೂಗು ಮುರಿದವರಿದ್ದರು. ಈಗ ಅವರ ವ್ಯಾನುಗಳೂ ಅವರ ಮಕ್ಕಳ ವ್ಯಾನುಗಳೂ ಅವಳ ಬಾಗಿಲಲ್ಲೇ ಸಾಲುಗಟ್ಟುತ್ತವೆ. ಯಾರೊಡನೆಯೂ ಅವಳು ವಾದ ಮಾಡಿದವಳಲ್ಲ. ಕೆಲಸ ಮಾಡಿ ಕೀಲಿ ಕೈಗೆ ಕೊಟ್ಟುಬಿಡುವಳು, ಅಷ್ಟೆ.

ಕೆಂಪು ಗಾಡಿ ಇದ್ದದ್ದು ವರ್ಕ್‌ಶಾಪಿನ ಹಿಂದಿನ ಮೂಲೆಯಲ್ಲಿ, ಟಾರ್ಪಾಲಿನ ಅಡಿಯಲ್ಲಿ. ಎರಡೇ ಸೀಟು, ನೆಲಕ್ಕಂಟಿದಂಥ ಮೈ, ಮೊಸಳೆಯ ಮೂತಿಯಂತೆ ಉದ್ದನೆಯ ಬಾನೆಟ್ಟು. ತುಕ್ಕು ತಿಂದು ಗುಜರಿ ಸೇರಬೇಕಿದ್ದದ್ದನ್ನು ಅಪ್ಪ ತಂದು, ತಗಡು ತಟ್ಟಿ ತಟ್ಟಿ ಮೈ ಬರಿಸಿದ್ದರು. ಅಣ್ಣ ಅದನ್ನು ಬೆಟ್ಟದ ರಸ್ತೆಯ ರೇಸಿನಲ್ಲಿ ಓಡಿಸುತ್ತಿದ್ದ. ಓಡಿಸುತ್ತಿದ್ದ ಎಂದರೆ ಸಾಲದು. ಆ ರಸ್ತೆಯಲ್ಲಿ ಅವನ ಹಿಂದೆ ಧೂಳು ಕುಡಿಯದವರು ಯಾರೂ ಇರಲಿಲ್ಲ. ಒಂದು ಸಲ ಎಡ ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ಇಳಿಯಿತು. ಮುರಿದ ಮಂಡಿ ಕೂಡಿಕೊಂಡಿತು, ಮಡಿಸಲು ಬರಲಿಲ್ಲ. ಅಪ್ಪ ಗಾಡಿಯನ್ನು ಎಳೆದು ತಂದು, ನೆಗ್ಗಿದ ಮೈಯನ್ನು ತಟ್ಟಿ ಸರಿಮಾಡಿ, ಮೇಲೆ ಟಾರ್ಪಾಲು ಹೊದಿಸಿದವರು ಮತ್ತೆ ಅದನ್ನು ಎತ್ತಲೇ ಇಲ್ಲ. ಅವರು ಹೋದ ಮೇಲೂ ವರ್ಷಗಟ್ಟಲೆ ಅದು ಹಾಗೇ ಇತ್ತು. ಮೇಸ್ತ್ರಿ ಆ ಮೂಲೆಯನ್ನು ಬಳಸಿಕೊಂಡು ಓಡಾಡುತ್ತಿದ್ದಳು. ಕೊನೆಗೊಂದು ದಿನ ಬಳಸಿಕೊಂಡು ಹೋಗುವುದೇ ಸಾಕಾಗಿ, ಟಾರ್ಪಾಲು ಎಳೆದು ಹಾಕಿದಳು.

ಅಪಘಾತಕ್ಕೆ ಸಿಕ್ಕ ಹೊಸ ಕಾರೊಂದರಿಂದ ಎಂಜಿನ್ ಬಂತು. ಕಾರ್ಬೊರೇಟರಿನ ಕಾಟವಿಲ್ಲದ, ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಕೊಡುವ ಎಂಜಿನ್. ಹಳೆಯ ಡ್ರಮ್ ಬ್ರೇಕುಗಳನ್ನು ಕಿತ್ತು ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು ಹಾಕಿದ್ದಾಯಿತು. ಹೊಸದನ್ನು ಹಳೆಯದಕ್ಕೆ ಕೂರಿಸುವ ಬ್ರಾಕೆಟ್ಟುಗಳನ್ನೆಲ್ಲ ಪಕ್ಕದ ಶೆಡ್ಡಿನಲ್ಲಿ ಲೇತ್ ನಡೆಸುವ ಅವಳ ಗಂಡನೇ ಮಾಡಿಕೊಟ್ಟ. ಮೈಯ ತಗಡನ್ನು ಮಾತ್ರ ಅವಳು ಮುಟ್ಟಲಿಲ್ಲ. ಹೊರಗಿನಿಂದ ನೋಡಿದವರಿಗೆ ಅದೇ ಗಾಡಿ.

ಅಣ್ಣ ಈಗ ಕಾಲೆಳೆಯುತ್ತ ಹತ್ತಿರ ಬಂದ. ಕೊಯ್ದ ಜಾಗವನ್ನು ನೋಡಲು ಬಾಗಿಲ ಮೇಲೆ ಬಗ್ಗಿದವನು ಹಾಗೆಯೇ ನಿಂತುಬಿಟ್ಟ. ಅವನ ಕಣ್ಣು ಡ್ಯಾಶ್‌ಬೋರ್ಡಿನ ಕೆಳಗೆ ನೆಟ್ಟಿತ್ತು. ಅಲ್ಲಿ ಎರಡೇ ಪೆಡಲುಗಳಿದ್ದವು.

"ಕ್ಲಚ್ಚೆಲ್ಲಿ?"

"ಇಲ್ಲ. ಗೇರು ತಾನಾಗೇ ಬೀಳುತ್ತೆ. ಸ್ಟೇರಿಂಗ್ ಹಿಂದೆ ಎರಡು ರೆಕ್ಕೆ ಇದಾವೆ, ಬೇಕಂದ್ರೆ ಬೆರಳಲ್ಲೂ ಹಾಕ್ಬೋದು. ಎಡಗಾಲಿಗೆ ಕೆಲಸ ಇಲ್ಲ."

ಅಣ್ಣ ನೆಟ್ಟಗಾದ. ಅವನ ಕುತ್ತಿಗೆಯ ನರ ಉಬ್ಬಿತ್ತು.

"ಯಾರಿಗೆ ಮಾಡ್ತಿದೀಯ ಇದನ್ನ?"

"ಓಡಿಸೋರಿಗೆ."

"ನಾನು ಕೇಳಿದ್ನಾ ನಿನ್ನ? ಕುಂಟನಿಗೊಂದು ಆಟದ ಸಾಮಾನು ಮಾಡ್ಕೊಡು ಅಂತ ಕೇಳಿದ್ನಾ?"

ಅವಳು ಉತ್ತರ ಕೊಡುವಷ್ಟರಲ್ಲಿ ಅವನು ಹೊರಟಾಗಿತ್ತು. ಗೋಡೆಯ ಬದಿಯಲ್ಲಿ, ಯಾವುದೋ ಬಸ್ಸಿನಿಂದ ಕಿತ್ತ ಸೀಟಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದಳು: "ಹೋಗ್ಲಿ ಬಿಡು. ಭಾನುವಾರ ಊಟಕ್ಕೆ ಬರ್ತಾನಲ್ಲ, ಆಗ ಸರಿಹೋಗ್ತಾನೆ."

ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅಮ್ಮ ಪ್ರತಿ ಸಲವೂ ಅವನಿಗೊಂದು ತಟ್ಟೆ ಇಟ್ಟು, ಊಟವಾದ ಮೇಲೆ ಎತ್ತಿಡುತ್ತಿದ್ದಳು.

"ಬೇಕಾದ್ರೆ ನಾನು ಹೋಗಿ ಭಾವನ ಹತ್ರ ಮಾತಾಡ್ಲಾ?" ಎಂದು ಗಂಡ ಕೇಳಿದ.

"ಏನಂತ ಮಾತಾಡ್ತೀರ? ನೀವು ಬಾಯಿ ಬಿಡೋಷ್ಟರಲ್ಲಿ ಅವನು ನಿಮಗೇ ನಾಲ್ಕು ಟೈರು ಮಾರಿ ಕಳಿಸ್ತಾನೆ. ಮೊದಲು ಗಾಡಿ ಆಗ್ಲಿ."

ಗಾಡಿ ಆಯಿತು. ಮೊದಲ ಸಲ ಕೀಲಿ ತಿರುಗಿಸಿದಾಗ ಎಂಜಿನ್ ಒಮ್ಮೆಯೂ ಕೆಮ್ಮದೆ ಎದ್ದಿತು. ಗಂಡ ಲೇತ್ ನಿಲ್ಲಿಸಿ ಓಡಿಬಂದ. ಅಮ್ಮ ಮಾತ್ರ, "ಇಷ್ಟೇನಾ ಸದ್ದು? ನಿಮ್ಮಪ್ಪನ ಕಾಲದಲ್ಲಿ ಮನೆ ಪಾತ್ರೆಯೆಲ್ಲ ಅಲ್ಲಾಡೋವು" ಎಂದು ಬೇಸರಪಟ್ಟಳು. ಮೇಸ್ತ್ರಿ ಗಾಡಿಯನ್ನು ಗೋದಾಮುಗಳ ಹಿಂದಿನ ನೇರ ರಸ್ತೆಗೆ ಒಯ್ದು, ವೇಗ ಹಿಡಿಸಿ, ಬ್ರೇಕನ್ನು ಒಮ್ಮೆಲೇ ಒತ್ತಿದಳು. ಗಾಡಿ ಗಕ್ಕನೆ ನಿಂತಿತು. ಆದರೆ ನಿಲ್ಲುವಾಗ ಮೂತಿಯನ್ನು ಎಡಕ್ಕೆ ತಿರುಗಿಸಿತು. ಇನ್ನೊಮ್ಮೆ ಒತ್ತಿದಳು. ಮತ್ತೆ ಎಡಕ್ಕೇ.

ಆ ವಾರವೆಲ್ಲ ಅವಳು ಅದರ ಬೆನ್ನು ಹತ್ತಿದಳು. ಬ್ರೇಕಿನ ಗಾಳಿ ತೆಗೆದಳು, ಪ್ಯಾಡು ಅದಲುಬದಲು ಮಾಡಿದಳು, ಪೈಪು ಬದಲಿಸಿದಳು. ಗಾಡಿ ಜಪ್ಪಯ್ಯ ಎನ್ನಲಿಲ್ಲ. ಅವಳಿಗೆ ಹೆದರಿಕೆಯೇನೂ ಆಗಲಿಲ್ಲ. ಗಾಡಿ ಅಂದಮೇಲೆ ಕಾರಣ ಇದ್ದೇ ಇರುತ್ತದೆ, ಕಾರಣ ಇದ್ದಮೇಲೆ ಅದು ಸಿಕ್ಕೇ ಸಿಗುತ್ತದೆ. ಆದರೂ ಹೀಗೆ ನಿಲ್ಲುವ ಗಾಡಿಯನ್ನು ಬೆಟ್ಟದ ರಸ್ತೆಗೆ ಬಿಡುವ ಹಾಗಿರಲಿಲ್ಲ. ಅಣ್ಣನ ಕೈಗಂತೂ ಅಲ್ಲವೇ ಅಲ್ಲ.

ಅಮ್ಮ ಯಾರಿಗೂ ಹೇಳದೆ ಟೈರಿನ ಅಂಗಡಿಗೆ ಹೋಗಿಬಂದದ್ದು ಆಮೇಲೆ ತಿಳಿಯಿತು. ಅಲ್ಲಿ ಅವಳು ಹೇಳಿದ್ದು ಇಷ್ಟೇ ಅಂತೆ: "ನಿನ್ನ ತಂಗಿ ಗಾಡಿ ಎಡಕ್ಕೆ ಎಳೀತಿದೆ. ಯಾರೋ ಬೇರೆ ಅಂಗಡಿಯವನನ್ನ ಕರೆಸ್ತಾಳಂತೆ." ಎರಡನೆಯ ಮಾತು ಶುದ್ಧ ಸುಳ್ಳು.

ಮರುದಿನ ಬೆಳಗ್ಗೆ ಅಣ್ಣ ಬಾಗಿಲಲ್ಲಿದ್ದ. ಕೈಯಲ್ಲಿ ದಾರದ ಉಂಡೆ, ಜೇಬಿನಲ್ಲಿ ತೂಕದ ಗುಂಡು.

"ಜಾಕಿ ಮೇಲೆ ಎತ್ತು," ಎಂದ. "ನಾಲ್ಕೂ ಕಡೆ ಸಮ ಇರ್ಲಿ."

ಅವಳು ಎತ್ತಿದಳು. ಅಣ್ಣನಿಗೆ ಕುಕ್ಕರುಗಾಲಲ್ಲಿ ಕೂರಲು ಬಾರದು, ಹಾಗಾಗಿ ಹಲಗೆಯ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಗೆ ತೂರಿಕೊಂಡ. ಒಂದೊಂದು ಮೂಲೆಯಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಗುರುತಿನಿಂದ ಗುರುತಿಗೆ ಇಬ್ಬರೂ ದಾರ ಹಿಡಿದರು. ಬಲಗಡೆಯ ದಾರಕ್ಕೆ ಗಂಟು ಹಾಕಿ, ಅದೇ ದಾರವನ್ನು ಎಡಗಡೆಗೆ ತಂದರು. ಗಂಟು ಎಡಗಡೆಯ ಗುರುತಿಗಿಂತ ಒಂದು ಬೆರಳಿನಷ್ಟು ಆಚೆ ನಿಂತಿತು.

"ನೋಡ್ದಾ?" ಎಂದ ಅಣ್ಣ ಅಡಿಯಿಂದಲೇ. "ಎಡಗಡೆ ಮುಂದಿನ ಚಕ್ರ ಹಿಂದಕ್ಕೆ ಕೂತಿದೆ."

"ಆಕ್ಸಿಡೆಂಟಲ್ಲಿ ಆಗಿದ್ದಾ?"

"ಅಲ್ಲ. ಅದಕ್ಕೂ ಮುಂಚೆಯಿಂದ ಹೀಗೇ ಇತ್ತು. ನಾನು ಸ್ಟೇರಿಂಗನ್ನ ಕೂದಲೆಳೆಯಷ್ಟು ಬಲಕ್ಕೆ ಹಿಡಿದೇ ಬ್ರೇಕ್ ಒತ್ತೋನು. ಅಪ್ಪನಿಗೂ ಹೇಳಿದ್ದೆ."

"ಏನಂದ್ರು?"

"'ಅದು ಅದರ ಸ್ವಭಾವ ಕಣೋ' ಅಂದ್ರು." ಅಣ್ಣ ನಕ್ಕ. ಎಷ್ಟೋ ದಿನದ ಮೇಲೆ ಅವನ ನಗು ಆ ವರ್ಕ್‌ಶಾಪಿನಲ್ಲಿ ಕೇಳಿಸಿತು. "ಹಳೇ ಬ್ರೇಕಿಗೆ ಹಿಡಿಯೋ ಶಕ್ತೀನೇ ಇರ್ಲಿಲ್ಲ, ಅದಕ್ಕೇ ಅಷ್ಟಾಗಿ ಗೊತ್ತಾಗ್ತಿರ್ಲಿಲ್ಲ. ನಿಂದು ಹಿಡಿಯುತ್ತೆ. ಅದಕ್ಕೇ ಬಯಲಾಯ್ತು."

ಮೇಸ್ತ್ರಿ ಟಾರ್ಚು ಹಿಡಿದು ತಾನೂ ಅಡಿಗೆ ತೂರಿದಳು. ಅಣ್ಣತಂಗಿ ಪಕ್ಕಪಕ್ಕ ಮಲಗಿ ಮೇಲೆ ನೋಡಿದರು. ಮುಂದಿನ ಚಕ್ರದ ತೋಳು ಗಾಡಿಯ ಚೌಕಟ್ಟಿಗೆ ಸೇರುವ ಕಡೆ ಒಂದು ದಪ್ಪನೆಯ ಬ್ರಾಕೆಟ್ಟು. ಅದರ ಸುತ್ತ ವೆಲ್ಡಿಂಗಿನ ಸಾಲು. ಒಂದರ ಮೇಲೊಂದು ಒರಗಿದ ಮೀನಿನ ಪೊರೆಯ ಹಾಗೆ, ಒಂದೇ ಅಳತೆ, ಒಂದೇ ಬಾಗು. ಅದು ಯಾರ ಕೆಲಸವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಕೈಯ ಪಕ್ಕದಲ್ಲಿ ನಿಂತೇ ಅವಳು ವೆಲ್ಡಿಂಗ್ ಕಲಿತದ್ದು. ತಳದ ತಗಡು ಕೊಯ್ಯುವಾಗ ಒಂದಿಷ್ಟೂ ಅಳುಕದ ಕೈ ಈಗ ಟಾರ್ಚು ಹಿಡಿದು ಸುಮ್ಮನಿತ್ತು.

"ಕೊಯ್ಯಿ," ಎಂದ ಅಣ್ಣ.

"ಇದು ಅಪ್ಪನ ಕೈ ಕಣೋ."

"ಗೊತ್ತು. ಅಪ್ಪನ ಕೈಯೇ. ಒಂದು ಬೆರಳು ಹಿಂದೆ ಬಿದ್ದಿದೆ. ಕೊಯ್ದು ಮುಂದಕ್ಕೆ ಕೂರಿಸು."

ಇಬ್ಬರೂ ಅಲ್ಲಿಂದ ಏಳದೇ ಇದ್ದದ್ದನ್ನು ನೋಡಿ ಅಮ್ಮನಿಗೆ ಬೇಜಾರಾಗಿರಬೇಕು. ಬಸ್ಸಿನ ಸೀಟಿನಿಂದ ಅವಳ ದನಿ ಬಂತು: "ಕೊಯ್ಯೇ ಮಾರಾಯ್ತಿ! ನಿಮ್ಮಪ್ಪನಿಗೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಯಾವತ್ತು ಬಂದಿತ್ತು? ನಮ್ಮನೆ ಅಡಿಗೆಮನೆ ಕಿಟಕಿ ನೋಡು, ಅದರಲ್ಲಿ ನೋಡಿದ್ರೆ ಎದುರುಮನೆ ಬೀಳ್ತಿದೆಯೇನೋ ಅನ್ಸುತ್ತೆ."

ಗಾಡಿಯ ಅಡಿಯಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಣ್ಣನ ತಲೆ ಸೈಲೆನ್ಸರಿಗೆ ಟಣ್ಣನೆ ಬಡಿಯಿತು.

ಅವಳು ಕೊಯ್ದಳು. ಅಣ್ಣ ದಾರ ಹಿಡಿದು ನಿಂತ, ಗಂಡ ಹೊಸ ಬ್ರಾಕೆಟ್ಟನ್ನು ಲೇತಿನಿಂದ ಬಿಸಿಬಿಸಿಯಾಗಿಯೇ ತಂದುಕೊಟ್ಟ. ಬೆಸುಗೆ ಆರುವ ತನಕ ಮೂವರೂ ಅದರ ಸುತ್ತ ಕಾದರು. ತನ್ನ ಬೆಸುಗೆಯ ಸಾಲೂ ಮೀನಿನ ಪೊರೆಯಂತೆಯೇ ಬಂದದ್ದನ್ನು ಅವಳು ನೋಡಿದಳು.

ಬೆಟ್ಟದ ರಸ್ತೆಗೆ ಹೊರಟ ದಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಅಣ್ಣ ಗಾಡಿಯ ಅಂಚಿನ ಮೇಲೆ ಕೂತು, ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಒಳಗಿಟ್ಟ. ಅದು ಎಲ್ಲೂ ತಗುಲದೆ ಉದ್ದಕ್ಕೆ ಚಾಚಿಕೊಂಡಿತು. ತಳವನ್ನು ಅಲ್ಲಿ ಒಂದಿಷ್ಟು ತಗ್ಗಿಸಿ, ಹಿಮ್ಮಡಿ ಆನಿಸಲು ರಬ್ಬರಿನ ಮೆತ್ತೆ ಅಂಟಿಸಿತ್ತು.

"ಇದನ್ನ ಯಾವಾಗ ಅಳೆದೆ?"

"ನೀನು ನಮ್ಮನೆ ಸೋಫಾ ಮೇಲೆ ಗೊರಕೆ ಹೊಡೀತಿದ್ದಾಗ."

ಅವನು ಸ್ಟೇರಿಂಗನ್ನು ಹಿಡಿದ, ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತಳು. ಊರಿನ ರಸ್ತೆ ದಾಟುವ ತನಕ ಹೊಸದಾಗಿ ಕಲಿಯುವವನ ಹಾಗೆ ಓಡಿಸಿದ. ಬ್ರೇಕು ಮುಟ್ಟಿದರೆ ಇಬ್ಬರ ತಲೆಯೂ ಮುಂದಕ್ಕೆ ಜೋಲುತ್ತಿತ್ತು. ಏರು ಶುರುವಾಯಿತು. ಅವನ ಭುಜ ನಿಧಾನವಾಗಿ ಇಳಿಯಿತು. ಬೆರಳು ಸ್ಟೇರಿಂಗಿನ ಹಿಂದಿನ ರೆಕ್ಕೆಯನ್ನು ತಡಕಿ ಕಂಡುಕೊಂಡಿತು. ಎಂಜಿನ್ ದನಿಯೇರಿಸಿತು, ಪಕ್ಕದ ಬಂಡೆಗಳು ಹಿಂದಕ್ಕೆ ಓಡತೊಡಗಿದವು. ಮೇಸ್ತ್ರಿ ಕಣ್ಣನ್ನು ರಸ್ತೆಗಿಂತ ಹೆಚ್ಚಾಗಿ ಮೀಟರುಗಳ ಮೇಲೆ ಇಟ್ಟಿದ್ದಳು. ಬಿಸಿ ಸರಿ. ಆಯಿಲ್ ಸರಿ.

ಆ ಎಡ ತಿರುವು ಬಂತು. ಅವಳಿಗೆ ಗುರುತು ಸಿಕ್ಕಿತು, ಅವನಿಗೆ ಸಿಗದಿರಲು ಸಾಧ್ಯವೇ ಇರಲಿಲ್ಲ. ಅಣ್ಣ ವೇಗ ಇಳಿಸಲಿಲ್ಲ. ಕೈ ಅಭ್ಯಾಸಬಲದಿಂದ ಕೂದಲೆಳೆಯಷ್ಟು ಬಲಕ್ಕೆ ಹೊರಟಿತು; ಅವನೇ ಅದನ್ನು ತಡೆದು ನೆಟ್ಟಗೆ ತಂದ. ಆಮೇಲೆ ಬ್ರೇಕು ಒತ್ತಿದ. ಬೆಲ್ಟು ಅವಳ ಎದೆಯನ್ನು ಬಿಗಿಯಾಗಿ ಹಿಡಿಯಿತು. ಗಾಡಿಯ ಮೂತಿ ತಗ್ಗಿತು, ಅತ್ತಿತ್ತ ಅಲುಗಲಿಲ್ಲ. ತಿರುವನ್ನು ಸವರಿಕೊಂಡು ಆಚೆ ಹೋದಾಗ ಅಣ್ಣ ಆಗಲೇ ಮುಂದಿನ ತಿರುವನ್ನು ನೋಡುತ್ತಿದ್ದ.

ಬೆಟ್ಟದ ತುದಿಯಲ್ಲಿ ನಿಲ್ಲಿಸಿದ. ಮುಖ ಕೆಂಪೇರಿತ್ತು.

"ಗೇರು ಮೂರರಿಂದ ಎರಡಕ್ಕೆ ಬೀಳೋಕೆ ತಡ ಮಾಡುತ್ತೆ," ಎಂದ. "ಹಿಂದಿನ ಸ್ಪ್ರಿಂಗು ಇನ್ನೂ ಗಟ್ಟಿ ಇರ್ಬೇಕಿತ್ತು. ಟೈರು ಯಾರು ಹಾಕಿದ್ದು? ನನ್ನ ಅಂಗಡಿ ಇರೋವಾಗ ಇಂಥ ಟೈರಾ?"

"ನೀನು ಮುಖ ಊದಿಸ್ಕೊಂಡಿದ್ದೆಯಲ್ಲ, ಯಾರನ್ನ ಕೇಳ್ಬೇಕಿತ್ತು?"

"ನಾಳೆ ತಗೊಂಬಾ. ನಾನೇ ಹಾಕ್ತೀನಿ."

ಅವಳು ಗಾಡಿಯಿಂದಿಳಿದು ಒಂದೊಂದೇ ಚಕ್ರದ ಹತ್ತಿರ ಅಂಗೈ ಒಡ್ಡಿ ಬ್ರೇಕಿನ ಕಾವು ನೋಡಿದಳು. ನಾಲ್ಕೂ ಒಂದೇ ಸಮ ಬಿಸಿಯಾಗಿದ್ದವು.

ವರ್ಕ್‌ಶಾಪಿಗೆ ಮರಳಿದಾಗ ಅಮ್ಮ ಬಾಗಿಲಲ್ಲೇ ಇದ್ದಳು. ತಲೆ ಬಾಚಿಕೊಂಡು, ಮೇಲೆ ಶಾಲು ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿಕೊಂಡಿದ್ದಳು. ಗಾಡಿ ನಿಲ್ಲುವ ಮುಂಚೆಯೇ ಬಾಗಿಲಿಗೆ ಕೈ ಹಾಕಿದಳು.

"ಇಳಿಯೇ. ಅದು ನನ್ನ ಜಾಗ."

"ಅಮ್ಮ, ಎಂಜಿನ್ ಸ್ವಲ್ಪ ಆರ್ಲಿ..."

"ಅದು ಆರೋದು ಕಾಯ್ತಾ ಕೂತ್ರೆ ನಾನು ಆರಿ ಹೋಗ್ತೀನಿ. ಇಳಿ."

ಮೇಸ್ತ್ರಿ ಇಳಿದು, ಅಮ್ಮನನ್ನು ಕೂರಿಸಿ, ಬೆಲ್ಟು ಎಳೆದು ಬಿಗಿದಳು. ಅಮ್ಮ ಎರಡೂ ಕೈಯನ್ನು ಮಡಿಲಲ್ಲಿಟ್ಟು ನೆಟ್ಟಗೆ ಮುಂದೆ ನೋಡಿದಳು. ಅಣ್ಣ ಹಿಂದೆ ಮುಂದೆ ನೋಡಿ ಗಾಡಿಯನ್ನು ರಸ್ತೆಗಿಳಿಸಿದ.

ಲೇತ್ ನಿಂತಿತ್ತು, ಗಂಡನೂ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತ. ರಸ್ತೆಯ ಕೊನೆಯಲ್ಲಿ, ಗಾಡಿ ತಿರುಗುವ ಕಡೆ, ಹಿಂದಿನ ಎರಡು ಬ್ರೇಕ್ ದೀಪಗಳು ಕೆಂಪಗೆ ಹೊತ್ತಿಕೊಂಡವು. ಎಷ್ಟು ಬೇಕೋ ಅಷ್ಟು ಹೊತ್ತು ಉರಿದು, ಆರಿದವು. ತಿರುವಿನ ಆಚೆಯಿಂದ ಎಂಜಿನ್ನಿನ ದನಿ ಏರುತ್ತ ಹೋಯಿತು. ಅದರ ಮೇಲೆ, ತೆಳ್ಳಗೆ, ಅಮ್ಮ ಏನೋ ಕೂಗಿ ಹೇಳುತ್ತಿದ್ದದ್ದು ಕೇಳಿಸಿತು.