ಹದಿಮೂರು ಮೆಟ್ಟಿಲು

ಕಾರಿನಿಂದ ಇಳಿಯುವಾಗಲೇ ವಾಂಡಾಳ ಪಿತ್ತ ನೆತ್ತಿಗೇರಿತ್ತು. ಟೊಲೀಡೊ ಪಟ್ಟಣದ ಇದೇ ಹಳೇ ಸ್ಕೇಟಿಂಗ್ ಹಾಲಿನಲ್ಲಿ ಅವಳ ಕಾಲದ ಹುಡುಗಿಯರು ಕೈಕೈ ಹಿಡಿದು ನಾಜೂಕಾಗಿ ಜಾರುತ್ತಿದ್ದರು. ಈಗ ಬಾಗಿಲಲ್ಲೇ ಬಿಯರಿನ ವಾಸನೆ, ಕಿವಿ ಹರಿದುಹೋಗುವ ಹಾಡು, ಹರಕು ಕಾಲುಚೀಲ ತೊಟ್ಟ ಹೆಂಗಸರ ದಂಡು. ಮಗಳು ಕೋರಾ ಇಲ್ಲಿ ಗಾಲಿ ಬೂಟು ತೊಟ್ಟು ರೋಲರ್ ಡರ್ಬಿ ಎಂಬ ಆಟ ಆಡುತ್ತಾಳೆಂಬುದು ಅವಳಿಗೆ ಗೊತ್ತಾದದ್ದೇ ನಾಲ್ಕು ದಿನದ ಹಿಂದೆ, ಅಳಿಯ ಡ್ವೈಟ್ ಅಂಚೆಯಲ್ಲಿ ಕಳಿಸಿದ ಟಿಕೆಟ್ ನೋಡಿ. ಅದರ ಹಿಂದೆ ಒಂದೇ ಸಾಲು ಗೀಚಿದ್ದ: "ಕೋರಾನ ಯಾರು ಹೊಡೀತಾರೆ ಅಂತ ಬಂದು ನೋಡಿ."

ಹೊಡೆಯುವವನು ಡ್ವೈಟೇ ಎಂದು ವಾಂಡಾ ಒಂದು ವರ್ಷದಿಂದ ನಂಬಿದ್ದಳು. ನಂಬದೆ ಇನ್ನೇನು ಮಾಡಬೇಕಿತ್ತು? ಮಗಳ ತೊಡೆಯಲ್ಲಿ ಅಂಗೈಯಗಲದ ನೀಲಿ ಕಲೆ. ಒಮ್ಮೆ ತುಟಿ ಒಡೆದಿತ್ತು. ಇನ್ನೊಮ್ಮೆ ಭುಜದ ಮೂಳೆ ಮುರಿದು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದಿದ್ದಳು. ಏನಾಯಿತೇ ಎಂದರೆ ಪ್ರತಿಸಲವೂ ಒಂದೇ ಉತ್ತರ: ನೆಲಮಾಳಿಗೆಯ ಮೆಟ್ಟಿಲಿಂದ ಬಿದ್ದೆ. ಅವಳಿದ್ದ ಬಾಡಿಗೆ ಮನೆಗೆ ನೆಲಮಾಳಿಗೆಯೇ ಇರಲಿಲ್ಲ.

ಆ ಮಾತು ವಾಂಡಾಳದು. ಇಪ್ಪತ್ತು ವರ್ಷ ಆಸ್ಪತ್ರೆಯ ನರ್ಸಿಗೆ, ಪಾದ್ರಿಗೆ, ಶಾಲೆಯ ಅಡುಗೆಮನೆಯಲ್ಲಿ ಜೊತೆಗೆ ದುಡಿಯುತ್ತಿದ್ದ ಹೆಂಗಸರಿಗೆ, ಕಡೆಗೆ ಹೆತ್ತ ಮಗಳಿಗೂ ಅವಳು ಅದನ್ನೇ ಹೇಳಿಕೊಂಡು ಬಂದಿದ್ದಳು. ಗಂಡ ಸತ್ತು ಒಂಬತ್ತು ವರ್ಷವಾದರೂ ಹೇಳಿದ್ದನ್ನು ತಿದ್ದಿರಲಿಲ್ಲ. ಅದೇ ಮಾತು ಮಗಳ ಬಾಯಲ್ಲಿ ಕೇಳಿದಾಗ ಅವಳ ಮೈಯೆಲ್ಲ ಉರಿದುಹೋಯಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ದಿನ, ಟರ್ಕಿ ಕೋಳಿ ಕೊಯ್ಯುವ ಚಾಕು ಕೈಯಲ್ಲಿ ಹಿಡಿದೇ, ಡ್ವೈಟ್‌ನನ್ನು ಬಾಯಿಗೆ ಬಂದಂತೆ ಬೈದು ಮನೆಯಿಂದಾಚೆ ಅಟ್ಟಿದ್ದಳು. ಗಂಡನ ಬೆನ್ನಿಗೇ ಎದ್ದು ಹೋದ ಕೋರಾ ಮೂರು ತಿಂಗಳಿಂದ ತಾಯಿಯ ಫೋನ್ ಎತ್ತಿರಲಿಲ್ಲ. ಇರುವವಳು ಒಬ್ಬಳೇ ಮಗಳು. ಇವತ್ತು ಅವಳನ್ನು ಮಾತಾಡಿಸದೆ ವಾಪಸು ಹೋಗಬಾರದೆಂದೇ ವಾಂಡಾ ಬಂದಿದ್ದಳು.

ಡ್ವೈಟ್ ಗುಲಾಬಿ ಅಂಗಿ ತೊಟ್ಟು, ತಪ್ಪು ಮಾಡಿದ ಆಟಗಾರ್ತಿಯರನ್ನು ಕೂರಿಸುವ ಕುರ್ಚಿಗಳ ಪಕ್ಕ, ಅವರ ಶಿಕ್ಷೆಯ ಹೊತ್ತು ಎಣಿಸುವ ಗಡಿಯಾರ ಹಿಡಿದು ನಿಂತಿದ್ದ. ಅತ್ತೆಗೆ ಅಂಕಣದ ಅಂಚಿನಲ್ಲೇ ಜಾಗ ಹಿಡಿದಿಟ್ಟಿದ್ದ.

"ಬೈಯೋದಿದ್ರೆ ಆಮೇಲೆ ಬೈಯಿರಿ, ಮಿಸೆಸ್ ವೋಯ್ಚಿಕ್," ಎಂದ. "ಈಗ ಆಟ ನೋಡಿ."

ಆಟವಂತೆ ಆಟ! ಟೋಪಿಯ ಮೇಲೆ ನಕ್ಷತ್ರವಿದ್ದವಳು ಎದುರಾಳಿಗಳನ್ನು ದಾಟಿದಷ್ಟೂ ಅಂಕ. ದಾಟಲು ಬಿಡದಂತೆ ಸೊಂಟ, ಭುಜ ಕೊಟ್ಟು ಗುದ್ದುವುದು ಉಳಿದವರ ಕೆಲಸ. ಒಬ್ಬೊಬ್ಬಳ ಬೆನ್ನ ಮೇಲೂ ತಾನೇ ಇಟ್ಟುಕೊಂಡ ಹೆಸರು, ಒಂದಕ್ಕಿಂತ ಒಂದು ಪೋಲಿ. ನಕ್ಷತ್ರದ ಟೋಪಿ ತೊಟ್ಟ ಕೋರಾ ಮೊದಲ ಸುತ್ತಿನಲ್ಲಿ ಎದುರಿಗೇ ಹಾದುಹೋದಾಗ ವಾಂಡಾ ಅವಳ ಬೆನ್ನು ಓದಿದಳು. "ಮೆಟ್ಟಿಲಿಂದ ಬಿದ್ದವಳು." ಅದರ ಕೆಳಗೆ ಹದಿಮೂರು. ವಾಂಡಾಳ ಮನೆಯ ನೆಲಮಾಳಿಗೆಗೆ ಇರುವುದು ಹದಿಮೂರು ಮೆಟ್ಟಿಲು.

ಮೈಕು ಹಿಡಿದವನು ಆ ಹೆಸರನ್ನು ರಾಗವಾಗಿ ಎಳೆದ. ಜನ ನಕ್ಕರು, ಕೂಗಿದರು, ನೆಲ ಗುದ್ದಿದರು. ವಾಂಡಾಗೆ ಮುಖಕ್ಕೆ ಉಗಿದಂತಾಯಿತು. ತಾನು ಹಲ್ಲುಕಚ್ಚಿ ಮುಚ್ಚಿಟ್ಟದ್ದನ್ನು ಈ ಹುಡುಗಿ ಬೆನ್ನಿಗೆ ಬರೆಸಿಕೊಂಡು ಊರಿಗೆಲ್ಲ ಮೆರವಣಿಗೆ ಮಾಡುತ್ತಿದ್ದಾಳೆ. ಎಳೆದು ತಂದು ಕೆನ್ನೆಗೆ ಎರಡು ಬಾರಿಸಬೇಕೆಂದು ಎದ್ದುನಿಂತಳು.

ಅಷ್ಟರಲ್ಲಿ ಉದ್ದನೆಯ ಹೆಂಗಸೊಬ್ಬಳು ಸೊಂಟದಿಂದ ಗುದ್ದಿದ ಏಟಿಗೆ ಕೋರಾ ಹಾರಿ ಬಿದ್ದಳು. ಏಳಲಿಲ್ಲ. ಸೀಟಿ ಊದಿದರು. ಎರಡೂ ತಂಡದವರು, ಗುದ್ದಿದವಳು ಕೂಡ, ಇದ್ದಲ್ಲೇ ಒಂದು ಮಂಡಿಯೂರಿದರು. ಇಡೀ ಸಭಾಂಗಣ ತೆಪ್ಪಗಾಯಿತು. ಮಂಡಿಯೂರಿದ ಜನರ ನಡುವೆ ಒಬ್ಬರು ಅಲುಗದೆ ಮಲಗಿರುವುದನ್ನು ವಾಂಡಾ ನೋಡಿದ್ದು ಚರ್ಚಿನಲ್ಲಿ, ಶವಪೆಟ್ಟಿಗೆಯ ಮುಂದೆ ಮಾತ್ರ. ಕೋರಾ, ಕೋರಾ ಎಂದು ಅರಚುತ್ತ ಓಡಿದವಳು ಅಂಕಣದ ಗೆರೆಗೆ ಅಂಟಿಸಿದ್ದ ಹಗ್ಗ ಎಡವಿ ದೊಪ್ಪನೆ ಬಿದ್ದಳು.

ಕೋರಾ ಕೈಯೂರಿ ಎದ್ದು ಕೂತಳು, ಆಮೇಲೆ ನಿಂತಳು. ಮಂಡಿಯೂರಿದವರೆಲ್ಲ ಚಪ್ಪಾಳೆ ತಟ್ಟುತ್ತ ಎದ್ದರು. ಯಾರಿಗೆ ಪೆಟ್ಟಾದರೂ ಹೀಗೇ, ಬಿದ್ದವಳು ಏಳುವ ತನಕ ಯಾರೂ ಏಳುವುದಿಲ್ಲ ಎಂದು ಓಡಿಬಂದ ಡ್ವೈಟ್ ಹೇಳಿದ. ವಾಂಡಾಗೆ ಹೋದ ಸಿಟ್ಟೆಲ್ಲ ದುಪ್ಪಟ್ಟಾಗಿ ಮರಳಿತು.

"ನನ್ನ ಮಾನ ಬೆನ್ನಿಗೆ ಅಂಟಿಸ್ಕೊಂಡು ಕುಣೀತೀಯಾ?" ಕುಂಟುತ್ತ ಹತ್ತಿರ ಬಂದ ಮಗಳ ಮೇಲೆ, ಕೂತಲ್ಲಿಂದಲೇ ಹರಿಹಾಯ್ದಳು. "ಆಟ ಆಡ್ತೀನಿ ಅಂತ ಒಂದು ಮಾತು ಹೇಳಿದ್ರೆ ನಾನು ಈ ಪಾಪದವನ ಮೇಲೆ ಚಾಕು ಎತ್ತುತ್ತಿದ್ನಾ?"

"ಮೆಟ್ಟಿಲು ಅಂದ್ರೆ ಸುಳ್ಳು ಅಂತ ನಿಂಗೆ ಹೇಗೆ ಗೊತ್ತಾಯ್ತಮ್ಮ?"

ವಾಂಡಾ ಮುಖ ತಿರುಗಿಸಿದಳು.

"ಚಾಕು ಹಿಡ್ಕೊಂಡಾಗಾದ್ರೂ ನಿಜ ಹೇಳ್ತೀಯೇನೋ ಅಂತ ಕಾದೆ. ಆವತ್ತೂ ಹೇಳಲಿಲ್ಲ. ನಂಗೆ ಆರು ವರ್ಷ ಇದ್ದಾಗ ಆ ಮೆಟ್ಟಿಲ ಮೇಲೇ ಕೂತಿದ್ದೆ, ಅಮ್ಮ. ಎಲ್ಲಾ ನೋಡಿದೀನಿ. ನೋಡಿದ್ದೇ ಸುಳ್ಳು ಅಂತ ನೀನು ನನ್ನ ನಂಬಿಸಿದೆ."

ಸುತ್ತಲಿನವರು ಸುಮ್ಮನೆ ಕೇಳುತ್ತಿದ್ದರು. ಕೇಳಲಿ, ಹಾಳಾಗಿ ಹೋಗಲಿ ಎನ್ನಿಸಿತು ವಾಂಡಾಗೆ. ಆ ನರ್ಸು ಬರೆದುಕೊಂಡು ಹಾಳೆ ಮಗುಚಿದ್ದಳು. ಪಾದ್ರಿ ತಾಳ್ಮೆಯ ಮೇಲೆ ಉಪದೇಶ ಕೊಟ್ಟಿದ್ದ. ಅವಳು ಬಿದ್ದಾಗ ಒಂದು ನರಪಿಳ್ಳೆಯೂ ನಿಂತು ನೋಡಿರಲಿಲ್ಲ.

"ನಾನು ಬೀಳಲಿಲ್ಲ ಕಣೇ," ಎಂದಳು, ಗಂಟಲು ಹರಿಯುವಂತೆ. "ನಿಮ್ಮಪ್ಪ ತಳ್ಳಿದ. ಪ್ರತಿಸಲವೂ ಅವನೇ ತಳ್ಳಿದ."

ಕೋರಾ ಅವಳ ಮುಂದೆ ಒಂದು ಮಂಡಿಯೂರಿದಳು. ಅವಳ ಹಿಂದೆ ಉದ್ದನೆಯ ಹೆಂಗಸು ಊರಿದಳು, ಆಮೇಲೆ ಎರಡೂ ತಂಡದ ಉಳಿದವರು.

"ಏಳ್ರೇ, ಸಾಕು ನಿಮ್ಮ ನಾಟಕ," ಎಂದು ವಾಂಡಾ ಗದರಿದಳು.

"ನೀನು ಏಳು ಮೊದ್ಲು," ಎಂದಳು ಕೋರಾ.

ಡ್ವೈಟ್ ಕೈ ಚಾಚಿದ. ವಾಂಡಾ ಒಂದು ಗಳಿಗೆ ಆ ಕೈಯನ್ನೇ ನೋಡಿ, ಹಿಡಿದುಕೊಂಡು ಎದ್ದಳು. ಸಭಾಂಗಣದ ತುಂಬ ಚಪ್ಪಾಳೆ ಬಿತ್ತು.

"ಇಷ್ಟು ವರ್ಷ ಎಲ್ಲಿ ಸತ್ತಿದ್ರಿ ನೀವೆಲ್ಲ," ಎಂದಳು ವಾಂಡಾ, ಅಳಿಯನ ಕೈ ಬಿಡದೆ.